ಕೂತು ತುಳಿಯೋದಾ, ಒರಗಿ ತುಳಿಯೋದಾ?

ಅವತ್ತು ನೇರಪ್ರಸಾರದಲ್ಲಿ ಫೋನ್-ಇನ್ ಕಾರ್ಯಕ್ರಮ. ವಿಷಯ ಪೆಟ್ರೋಲ್ ದರ. ಸಾಲು ಸಾಲು ಕರೆಗಳು, ಸಾಲು ಸಾಲು ಬೈಗುಳ. ನಡುವೆ ಮಾಲೂರು ತಾಲೂಕಿನಿಂದ ಒಬ್ಬರು ಲೈನಿಗೆ ಬಂದ್ರು.

"ಸಾರ್, ರೇಟ್ ವಿಷಯ ಎಲ್ಲಾರೂ ಹೇಳಾಯ್ತು. ನಂದು ಬೇರೆ ಪ್ರಶ್ನೆ. ಮೊಬೈಲಲ್ಲಿ ಒಂದು ವಿಡಿಯೊ ನೋಡ್ದೆ. ಈಸಿಚೇರಲ್ಲಿ ಮಲಗಿದ ಹಂಗೆ ಮಲಗಿ, ಕಾಲು ಮುಂದಕ್ಕೆ ಚಾಚಿ ಸೈಕಲ್ ತುಳೀತಾರೆ. ನಂಗೆ ಐವತ್ತೆರಡು. ಸೊಂಟ ನೋವು. ಮಾಮೂಲಿ ಸೈಕಲ್ ಮೇಲೆ ಕೂರೋಕಾಗಲ್ಲ. ಫ್ಯಾಕ್ಟರಿಗೆ ಎಂಟು ಕಿಲೋಮೀಟರ್. ಆ ಮಲಗೋ ಸೈಕಲ್ ನಮ್ಮ ಕಡೆ ರೋಡಲ್ಲಿ ನಡೀತದಾ ಸಾರ್?"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಒಪ್ಪಿಕೊಳ್ತೀನಿ. ಕಿವಿಯಲ್ಲಿ ಪ್ರೊಡ್ಯೂಸರ್ "ಮುಂದಿನ ಕಾಲ್, ಮುಂದಿನ ಕಾಲ್" ಅಂತಿದ್ದರು. "ಒಳ್ಳೇ ಪ್ರಶ್ನೆ, ಧನ್ಯವಾದ" ಅಂದು ಕರೆ ಕಟ್ ಮಾಡಿದೆ. ಉತ್ತರ ಕೊಡಲಿಲ್ಲ.

ರಾತ್ರಿ ಮನೆಗೆ ಹೋದ ಮೇಲೆ ಅದೇ ಪ್ರಶ್ನೆ ತಲೆಯಲ್ಲಿ ಸುತ್ತೋಕೆ ಶುರುವಾಯ್ತು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಹುಟ್ಟಿ ಬೆಳೆದಿದ್ದು ಮುಳಬಾಗಿಲಿನ ಕಡೆ. ಕೋಲಾರ ಜಿಲ್ಲೆಯ ರಸ್ತೆಯೂ ಗೊತ್ತು, ಚೈನು ಗೇರಿನ ಲೆಕ್ಕವೂ ಗೊತ್ತು. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನೇ ಅಲ್ವಾ? ಆ ಹಿರಿಯರು ಇದನ್ನ ನೋಡ್ತಿದ್ದರೆ ಮೊದಲು ಕ್ಷಮೆ ಕೇಳ್ತೀನಿ. ಈಗ ಉತ್ತರ ಹೇಳ್ತೀನಿ.

ಏನಿದು ಮಲಗೋ ಸೈಕಲ್?

ಇದರ ಹೆಸರು ರಿಕಂಬೆಂಟ್ ಸೈಕಲ್. ನಾವು ಒರಗು ಸೈಕಲ್ ಅನ್ನೋಣ. ಮಾಮೂಲಿ ಸೈಕಲ್ಲಿನಲ್ಲಿ ಪೆಡಲ್ ಇರೋದು ಸೀಟಿನ ಕೆಳಗೆ. ಒರಗು ಸೈಕಲ್ಲಿನಲ್ಲಿ ಪೆಡಲ್ ಇರೋದು ಮುಂದೆ. ಸೀಟು ಅಂದ್ರೆ ಅಂಗೈಯಗಲದ ತೊಗಲಲ್ಲ, ಬೆನ್ನಿಗೆ ಆಸರೆ ಇರೋ ಕುರ್ಚಿ. ಕೂತು, ಒರಗಿ, ಕಾಲು ಚಾಚಿ ಒತ್ತಬೇಕು. ಪೆಡಲ್ ಮುಂದೆ, ಹಿಂದಿನ ಚಕ್ರ ಹಿಂದೆ ಇರೋದ್ರಿಂದ ಚೈನು ತುಂಬಾ ಉದ್ದ. ಮಾಮೂಲಿ ಚೈನು ಎರಡು-ಮೂರನ್ನ ಜೋಡಿಸಿದಷ್ಟು.

ಇದರಲ್ಲಿ ಎರಡು ಗಾಲಿಯವು ಇವೆ, ಮೂರು ಗಾಲಿಯವೂ ಇವೆ. ಮೂರು ಗಾಲಿಯದ್ದರಲ್ಲಿ ಸಾಮಾನ್ಯವಾಗಿ ಮುಂದೆ ಎರಡು, ಹಿಂದೆ ಒಂದು. ನಿಂತಾಗಲೂ ಬೀಳಲ್ಲ. ಕಾಲು ನೆಲಕ್ಕೆ ಊರೋ ಗೋಜಿಲ್ಲ. ಇದಕ್ಕೇ ಮೇಲಿಂದ ಒಂದು ಚಿಪ್ಪು ಮುಚ್ಚಿದರೆ ಅದು ವೆಲೊಮೊಬೈಲ್. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ರಸ್ತೆಯಲ್ಲಿ ರಾಕೆಟ್ಟಿನ ಮೂತಿಯಂಥ ಗಾಡಿಯೊಂದು ಓಡಾಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ? ಎಷ್ಟೋ ಜನ ಅದನ್ನ ಎಲೆಕ್ಟ್ರಿಕ್ ಕಾರು ಅಂದುಕೊಂಡರು. ಅದರ ಒಳಗಿದ್ದಿದ್ದು ಕಾಲಿನಿಂದ ತುಳಿಯೋ ಪೆಡಲ್, ಅಷ್ಟೇ.

ಇದೇನು ಹೊಸದಾ? ಅಲ್ಲವೇ ಅಲ್ಲ. ಇಲ್ಲೇ ಇರೋದು ಕಥೆ.

ಗೆದ್ದಿದ್ದಕ್ಕೆ ನಿಷೇಧ

ನಾವು ಇವತ್ತು ಸೈಕಲ್ ಅಂತ ಕರೆಯೋ ಆಕಾರ, ಅಂದ್ರೆ ಸಮನಾದ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು, ಗಟ್ಟಿಯಾಗಿ ನೆಲೆಯೂರಿದ್ದು 1885ರಲ್ಲಿ. ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ ಅದು. ನೂರ ನಲವತ್ತು ವರ್ಷ ಆಯ್ತು, ಮೂಲ ಆಕಾರ ಬದಲಾಗಿಲ್ಲ.

ಈಗ 1933ಕ್ಕೆ ಬನ್ನಿ. ಊರು ಪ್ಯಾರಿಸ್. ಸೈಕಲ್ ಲೋಕದ ದೊಡ್ಡ ಪರೀಕ್ಷೆ ಒಂದು ಗಂಟೆಯ ದಾಖಲೆ. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ತುಳೀತಾನೆ? ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 1914ರಲ್ಲಿ 44.247 ಕಿಲೋಮೀಟರ್ ತುಳಿದಿದ್ದ. ಆ ದಾಖಲೆಯನ್ನ ಹತ್ತೊಂಬತ್ತು ವರ್ಷ ಯಾರಿಗೂ ಮುರಿಯೋಕಾಗಿರಲಿಲ್ಲ. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಅನ್ನೋ ಸವಾರ ಒರಗು ಸೈಕಲ್ ಮೇಲೆ ಬಂದ. 45.055 ಕಿಲೋಮೀಟರ್ ತುಳಿದ. ಅವನೇನೂ ಮೊದಲ ಸಾಲಿನ ಸವಾರ ಆಗಿರಲಿಲ್ಲ. ಸೈಕಲ್ ಮಾಡಿಕೊಟ್ಟವನು ಶಾರ್ಲ್ ಮೋಷೆ.

ಹೂಮಾಲೆ ಹಾಕಬೇಕಿತ್ತು ಅಲ್ವಾ? ಆದದ್ದು ಬೇರೆ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ, ಯುಸಿಐ, ಸಭೆ ಸೇರಿತು. ಸೈಕಲ್ ಅಂದ್ರೆ ಏನು ಅಂತ ಅಳತೆ ಹಾಕಿ ಬರೆಯಿತು. ಪೆಡಲ್ ಎಲ್ಲಿರಬೇಕು, ಸೀಟು ಎಲ್ಲಿರಬೇಕು ಎಲ್ಲ ಗೊತ್ತುಮಾಡಿತು. 1934ರಿಂದ ಒರಗು ಸೈಕಲ್ ಪಂದ್ಯಗಳಿಂದ ಹೊರಗೆ. ಅದೇ ವರ್ಷ ಮೋಷೆ ತೀರಿಕೊಂಡ.

ಫೋರ್ ಮಾತ್ರ ಬಿಡಲಿಲ್ಲ. 1939ರಲ್ಲಿ ಗಾಳಿ ಸೀಳುವ ಚಿಪ್ಪು ಹಾಕಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಯಲ್ಲಿ 50 ಕಿಲೋಮೀಟರ್ ದಾಟಿಬಿಟ್ಟ. ಇದು ಎಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಒಂದು ಹೋಲಿಕೆ ನೋಡಿ. ಮೂವತ್ಮೂರು ವರ್ಷ ಆದಮೇಲೆ, 1972ರಲ್ಲಿ, ಸೈಕಲ್ ಲೋಕದ ದಿಗ್ಗಜ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯ ತೆಳು ಗಾಳಿಯಲ್ಲಿ ಮಾಮೂಲಿ ಸೈಕಲ್ ಮೇಲೆ ತುಳಿದಿದ್ದು 49.431 ಕಿಲೋಮೀಟರ್!

ಇನ್ನೂ ಒಂದು. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೆವಾಡಾದ ಬ್ಯಾಟಲ್ ಮೌಂಟನ್ ಅನ್ನೋ ಊರಿನ ರಸ್ತೆಯಲ್ಲಿ ಕೆನಡಾದ ಟಾಡ್ ರೈಚರ್ಟ್ ಚಿಪ್ಪು ಮುಚ್ಚಿದ ಒರಗು ಸೈಕಲ್ ಓಡಿಸಿದ. ವೇಗ ಗಂಟೆಗೆ 144.17 ಕಿಲೋಮೀಟರ್. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ನಮ್ಮ ಕೋಲಾರ ಹೈವೇಯಲ್ಲಿ ಕಾರಿನವರು ಈ ವೇಗದಲ್ಲಿ ಹೋದರೆ ಪೊಲೀಸರು ದಂಡ ಹಾಕ್ತಾರೆ.

ಅಷ್ಟು ವೇಗ ಇದ್ರೆ ನಾವೆಲ್ಲ ಯಾಕೆ ಕೂತೇ ತುಳೀತಿದ್ದೀವಿ? ಬರೀ ಆ ನಿಷೇಧವೇ ಕಾರಣನಾ? ಪಂದ್ಯದಲ್ಲಿ ಇಲ್ಲದ ಸೈಕಲ್ಲನ್ನ ಕಂಪನಿ ಮಾಡಲ್ಲ, ಕಂಪನಿ ಮಾಡದ್ದು ಅಂಗಡಿಗೆ ಬರಲ್ಲ. ಅದು ಅರ್ಧ ನಿಜ. ಇನ್ನರ್ಧ ನಮ್ಮ ರಸ್ತೆಯಲ್ಲಿದೆ, ನಮ್ಮ ಕ್ಯಾರಿಯರ್ ಮೇಲಿದೆ.

ಲೆಕ್ಕ ಹಾಕೋಣ ಬನ್ನಿ

ಸೈಕಲ್ ತುಳಿಯೋವಾಗ ನಮ್ಮ ಶಕ್ತಿ ಎಲ್ಲಿಗೆ ಹೋಗುತ್ತೆ? ಸಮತಟ್ಟು ರಸ್ತೆಯಲ್ಲಿ ಮುಖ್ಯವಾಗಿ ಎರಡು ಕಡೆ. ಒಂದು, ಟೈರು ರಸ್ತೆಯ ಮೇಲೆ ಉರುಳೋ ತ್ರಾಸ. ಎರಡು, ಎದುರಿನ ಗಾಳಿಯನ್ನ ಪಕ್ಕಕ್ಕೆ ತಳ್ಳೋ ತ್ರಾಸ. ಟೈರಿನ ಖರ್ಚು ವೇಗದ ಜತೆ ನಿಧಾನಕ್ಕೆ ಏರುತ್ತೆ. ಗಾಳಿಯದ್ದು ಹಾಗಲ್ಲ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತೆ. ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, ಎಂಟು ಪಟ್ಟು!

ಕಾಗದ ಪೆನ್ನು ಹಿಡಿದು ನಾನು ಹಾಕಿದ ಅಂದಾಜು ಲೆಕ್ಕ ಇದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಕೂತು ತುಳಿದರೆ ಗಾಳಿಗೇ ಸುಮಾರು 160 ವಾಟ್ ಕೊಡಬೇಕು. ಒರಗಿ ತುಳಿದರೆ ಎದೆ ಗಾಳಿಗೆ ಅಡ್ಡ ನಿಲ್ಲಲ್ಲ, ಸುಮಾರು 95 ವಾಟ್ ಸಾಕು. ಉಳಿತಾಯ 65 ವಾಟ್, ಹೆಚ್ಚೂಕಮ್ಮಿ ಒಂದು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು. ಆರೋಗ್ಯವಂತ ಮನುಷ್ಯ ಒಂದು ಗಂಟೆ ಬಿಡದೆ ತುಳಿದು ಕೊಡಬಹುದಾದ ಶಕ್ತಿ ಸುಮಾರು 100 ವಾಟ್. ಅದರಲ್ಲಿ 65 ಉಳೀತು ಅಂದ್ರೆ ಸಣ್ಣ ಮಾತಲ್ಲ.

ಈಗ ವೇಗ ಅರ್ಧ ಮಾಡಿ. ಗಂಟೆಗೆ 15 ಕಿಲೋಮೀಟರ್. ನಮ್ಮ ಊರಲ್ಲಿ ಹಾಲು ಹಾಕೋಕೆ ಹೋಗೋರು, ಸ್ಕೂಲಿಗೆ ಹೋಗೋ ಮಕ್ಕಳು, ಫ್ಯಾಕ್ಟರಿಗೆ ಹೋಗೋರು ತುಳಿಯೋದು ಇದೇ ವೇಗದಲ್ಲಿ. ಕೂತರೆ ಗಾಳಿಗೆ 20 ವಾಟ್, ಒರಗಿದರೆ 12 ವಾಟ್. ಉಳಿತಾಯ 8 ವಾಟ್. ಮನೆಯ ಒಂದು ಎಲ್‌ಇಡಿ ಬಲ್ಬಿನಷ್ಟು!

ನೋಡಿ, ಇದೇ ಗುಟ್ಟು. ಒರಗು ಸೈಕಲ್ಲಿನ ಪವಾಡ ಇರೋದು ವೇಗದಲ್ಲಿ. ನಮ್ಮ ಸೈಕಲ್ಲಿನ ಕೆಲಸ ಇರೋದು ನಿಧಾನದಲ್ಲಿ. ಆದ್ದರಿಂದ ಮಾಲೂರಿನ ಹಿರಿಯರೇ, ನೀವು ಬೇಗ ತಲುಪೋ ಆಸೆಗೆ ಒರಗು ಸೈಕಲ್ ತಗೊಳ್ಳೋದಾದ್ರೆ ನನ್ನ ಸಲಹೆ: ಬೇಡ.

ನಮ್ಮಪ್ಪನ ಸೈಕಲ್ಲು

ಇನ್ನು ಹೊರೆಯ ಮಾತು. ನಮ್ಮಪ್ಪ ಬೆಳಗಿನ ಜಾವ ಐದೂವರೆಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗೋರು. ಕಪ್ಪು ಬಣ್ಣದ ಗಟ್ಟಿ ಸೈಕಲ್ಲು, ಹಿಂದೆ ಅಗಲ ಕ್ಯಾರಿಯರ್. ಬರೋವಾಗ ಅದೇ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ. ರೇಷ್ಮೆಗೂಡು ಮಾರೋ ದಿನ ಗೂಡಿನ ಚೀಲ. ಶ್ರೀನಿವಾಸಪುರದ ಕಡೆ ಮಾವಿನ ಕಾಲ ಬಂದರೆ ಹಣ್ಣಿನ ಬುಟ್ಟಿ, ಕೋಲಾರದ ಸುತ್ತಮುತ್ತ ಟೊಮೆಟೊ. ಕೋಲಾರ ಜಿಲ್ಲೆ ಚಿನ್ನ, ಹಾಲು, ರೇಷ್ಮೆಗೆ ಹೆಸರುವಾಸಿ ಅಂತ ಹೇಳ್ತೀವಿ. ಹಾಲು, ರೇಷ್ಮೆ ಎರಡನ್ನೂ ಊರಿಂದ ಮುಖ್ಯರಸ್ತೆಗೆ ಹೊತ್ತು ತಂದದ್ದರಲ್ಲಿ ಈ ಕಪ್ಪು ಸೈಕಲ್ಲಿನ ಪಾಲು ದೊಡ್ಡದು.

ಆ ಸೈಕಲ್ಲಿನ ದೊಡ್ಡ ಗುಣ ಏನು ಗೊತ್ತಾ? ತುಳಿಯೋಕಾಗದೆ ಇದ್ರೆ ತಳ್ಳಬಹುದು. ಏರು ಬಂತು, ಇಳಿದು, ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಸೀಟಿನ ಮೇಲೆ ಇಟ್ಟು ತಳ್ಳಿಕೊಂಡು ಹೋಗೋದು. ಹೊರೆ ಜಾಸ್ತಿಯಾದ್ರೆ ಸೈಕಲ್ ಕೈಗಾಡಿ ಆಗುತ್ತೆ. ಒರಗು ಸೈಕಲ್ ಮೊಣಕಾಲೆತ್ತರ, ಸೊಂಟದೆತ್ತರ. ಬಗ್ಗಿ ತಳ್ಳಬೇಕು. ಹೊರೆ ಕಟ್ಟೋ ಜಾಗವೂ ಕಡಿಮೆ. ಏರಿನಲ್ಲಿ ನಿಂತುಕೊಂಡು, ಮೈಭಾರ ಹಾಕಿ ಪೆಡಲ್ ಒತ್ತೋದಕ್ಕೂ ಆಗಲ್ಲ. ಕೂತಲ್ಲೇ ಕಡಿಮೆ ಗೇರು ಹಾಕಿ ನಿಧಾನಕ್ಕೆ ಏರಬೇಕು. ಆವಣಿ ಬೆಟ್ಟದ ಕಡೆಯ ಏರು, ಅಂತರಗಂಗೆಯ ಏರು ತುಳಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಿಪೇರಿ? ಮೂರು ಗಾಲಿಯ ಒರಗು ಸೈಕಲ್ಲಿಗೆ ಹೆಚ್ಚಾಗಿ 20 ಇಂಚಿನ ಗಾಲಿ. ಮಕ್ಕಳ ಸೈಕಲ್ಲಿನ ಟೈರಿನ ಅಳತೆಯೇ ಹೆಚ್ಚೂಕಮ್ಮಿ. ಆದ್ದರಿಂದ ಪಂಚರ್ ಅಂಗಡಿಯವರು ಕೈಬಿಡಲ್ಲ. ಫ್ರೇಮು, ಸೀಟು, ಮುಂದಿನ ಎರಡು ಗಾಲಿ ತಿರುಗಿಸೋ ಜೋಡಣೆ ಕೆಟ್ಟರೆ ಮಾತ್ರ ಬೆಂಗಳೂರೂ ಸಾಲದು, ಹೊರದೇಶದಿಂದ ತರಿಸಬೇಕು. ಬೆಲೆಯೂ ಅಷ್ಟೇ, ಹೊರಗಿನಿಂದ ತರಿಸಿದರೆ ಲಕ್ಷದ ಲೆಕ್ಕ. ಎಂಟು ಕಿಲೋಮೀಟರ್ ದೂರದ ಫ್ಯಾಕ್ಟರಿ ಕೆಲಸಗಾರ ಲಕ್ಷ ಕೊಟ್ಟು ಸೈಕಲ್ ತಗೊಳ್ಳಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಲಾರಿಯ ಕಣ್ಣಿಗೆ ಬೀಳ್ತೀರಾ?

ಬೆಲೆಗಿಂತ ದೊಡ್ಡ ಪ್ರಶ್ನೆ ಜೀವದ್ದು. ಮಾಮೂಲಿ ಸೈಕಲ್ ಮೇಲೆ ಕೂತವರ ತಲೆ ನಿಂತ ಮನುಷ್ಯನಷ್ಟೇ ಎತ್ತರ. ಕಾರಿನ ಆಚೆಗೂ ಕಾಣುತ್ತೆ. ಮೂರು ಗಾಲಿಯ ಒರಗು ಸೈಕಲ್ಲಿನಲ್ಲಿ ಕೂತವರ ಕಣ್ಣು ಕಾರಿನ ಬಾನೆಟ್ ಎತ್ತರಕ್ಕೆ ಬಂದುಬಿಡುತ್ತೆ. ಇನ್ನು ಲಾರಿ? ಲಾರಿ ಡ್ರೈವರಿಗೆ ಮೂತಿಯ ಮುಂದೆ, ಎಡಗಡೆ ಪಕ್ಕದಲ್ಲಿ ಕಾಣದ ಜಾಗ ಇರುತ್ತೆ. ಅಲ್ಲಿ ಬೈಕೇ ಕಾಣಲ್ಲ. ಮಲಗಿದವನು ಕಾಣ್ತಾನಾ?

ನಮ್ಮ ರಸ್ತೆಗಳನ್ನ ನೆನಪು ಮಾಡಿಕೊಳ್ಳಿ. ಬೆಂಗಳೂರಿನಿಂದ ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ ಮೂಲಕ ಆಂಧ್ರದ ಗಡಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 75. ಹಳಬರ ಬಾಯಲ್ಲಿ ಇವತ್ತಿಗೂ ಅದು ಎನ್‌ಎಚ್ ನಾಲ್ಕು. ಹಗಲೂ ರಾತ್ರಿ ಲಾರಿ, ಕಂಟೇನರ್, ಬಸ್ಸು. ನರಸಾಪುರ, ವೇಮಗಲ್ಲಿನ ಕೈಗಾರಿಕಾ ಪ್ರದೇಶ ಬಂದ ಮೇಲೆ ಶಿಫ್ಟ್ ಬಿಡೋ ಹೊತ್ತಿಗೆ ಸಾವಿರಾರು ಜನ ಒಟ್ಟಿಗೆ ರಸ್ತೆಗೆ ಇಳೀತಾರೆ. ಮಾಲೂರಿನ ಕಡೆ ಹೋದ್ರೆ ಇಟ್ಟಿಗೆ, ಹೆಂಚು ತುಂಬಿದ ಗಾಡಿಗಳು. ಮಾಲೂರು ತಾಲೂಕಿನಲ್ಲಿ ಹಾದುಹೋಗೋ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಬೈಕನ್ನೇ ಬಿಡಲ್ಲ, ಇನ್ನು ಸೈಕಲ್ಲಿನ ಮಾತು ದೂರ. ಅಂದ್ರೆ ನಿಧಾನಕ್ಕೆ ಹೋಗೋರಿಗೆಲ್ಲ ಹಳೇ ರಸ್ತೆ, ಸರ್ವಿಸ್ ರಸ್ತೆಯೇ ಗತಿ. ಆ ಸರ್ವಿಸ್ ರಸ್ತೆಯೋ, ಒಂದು ಕಡೆ ಇರುತ್ತೆ, ಸೇತುವೆ ಬಂದ ಕೂಡಲೇ ಮಾಯ. ಇದ್ದ ಕಡೆ ಲಾರಿ ಪಾರ್ಕಿಂಗ್.

ಹಂಪ್ಸ್ ಬಗ್ಗೆ ಹೇಳಲೇಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಯವಾದ ಬೆನ್ನು. ನಮ್ಮ ಊರುಗಳಲ್ಲಿ ಇರೋದು? ರಾತ್ರೋರಾತ್ರಿ ಒಂದು ಬಾಣಲೆ ಕಾಂಕ್ರೀಟ್ ಸುರಿದು ಮಾಡಿದ ಗೋಡೆ! ನೆಲಕ್ಕೆ ಹತ್ತಿರ ಇರೋ ಸೈಕಲ್ಲಿನ ಹೊಟ್ಟೆ ಅದಕ್ಕೆ ಉಜ್ಜದೆ ಇರಲ್ಲ. ಮೇಲಿಂದ ಬೇಸಿಗೆಯ ಬಿಸಿಲು ನೇರ ಮುಖಕ್ಕೆ, ಬಸ್ಸಿನ ಹೊಗೆ ನೇರ ಮೂಗಿಗೆ. ಬೀದಿನಾಯಿಗಳ ಜತೆ ಮುಖಾಮುಖಿ ಮಾತುಕತೆ ಬೇರೆ.

ಹಾಗಾದ್ರೆ ಒರಗು ಸೈಕಲ್ಲಿಗೆ ಒಳ್ಳೇ ಗುಣವೇ ಇಲ್ವಾ? ಇದೆ. ಬ್ರೇಕ್ ಒತ್ತಿದಾಗ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿ ತಲೆ ಒಡೆದುಕೊಳ್ಳೋ ಭಯ ಇಲ್ಲ. ಬಿದ್ದರೂ ಬೀಳೋ ಎತ್ತರ ಕಡಿಮೆ. ಮಣಿಕಟ್ಟು, ಕುತ್ತಿಗೆ, ಕೂರೋ ಜಾಗದ ಮೇಲೆ ಭಾರ ಬೀಳಲ್ಲ, ಬೆನ್ನಿಗೆ ಆಸರೆ ಇರುತ್ತೆ. ಸೊಂಟ ನೋವಿರೋ ಅನೇಕರು, ಬ್ಯಾಲೆನ್ಸ್ ಕಳೆದುಕೊಂಡ ವಯಸ್ಸಾದವರು, ಮಾಮೂಲಿ ಸೈಕಲ್ ಬಿಟ್ಟೇಬಿಟ್ಟವರು ಮತ್ತೆ ತುಳಿಯೋಕೆ ಶುರುಮಾಡೋದು ಈ ಮೂರು ಗಾಲಿಯಿಂದಲೇ. ನನ್ನ ಲೆಕ್ಕದಲ್ಲಿ ವೇಗ ಅಲ್ಲ, ಇದೇ ಇದರ ನಿಜವಾದ ಗುಣ. ಕೂರೋಕಾಗದವರಿಗೆ ಸೈಕಲ್ಲನ್ನ ವಾಪಸ್ ಕೊಡುತ್ತೆ.

ಇಷ್ಟು ಬರೆದಾಗ ನನಗೆ ಒಬ್ಬ ನೆನಪಾದ.

ಕೋಲಾರದಲ್ಲಿ ಆಗಲೇ ಇದೆ

ಮುಳಬಾಗಿಲಿನ ಹೈಸ್ಕೂಲಿನಲ್ಲಿ ನನ್ನ ಜತೆ ಓದಿದವನು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲಿಗೆ ಶಕ್ತಿಯಿಲ್ಲ. ಕೈಯಿಂದ ತಿರುಗಿಸೋ ಮೂರು ಗಾಲಿಯ ಸೈಕಲ್ಲಿನಲ್ಲಿ ಬರೋನು. ನೀವೆಲ್ಲ ನೋಡಿರ್ತೀರಿ. ಬೆನ್ನಿಗೆ ಆಸರೆಯ ಸೀಟು, ಕಾಲು ಮುಂದೆ, ಎದೆಯ ಎತ್ತರದಲ್ಲಿ ಪೆಡಲ್. ಮೂರು ಗಾಲಿ, ಚೈನು. ಒಂದು ಕ್ಷಣ ಯೋಚನೆ ಮಾಡಿ. ಇದು ಒರಗು ಸೈಕಲ್ಲಿನ ಅಣ್ಣನೋ ತಮ್ಮನೋ ಅಲ್ವಾ?

ಮೊಬೈಲ್ ವಿಡಿಯೊದಲ್ಲಿ ನಾವು ಬೆರಗಿನಿಂದ ನೋಡೋ ಗಾಡಿಯ ಬಡ ಸಂಬಂಧಿ ನಮ್ಮ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಮುಂದೆ ಹತ್ತಾರು ವರ್ಷದಿಂದ ಇದೆ. ನಾವು ಅದನ್ನ ಸೈಕಲ್ ಅಂತ ಎಣಿಸೋದೇ ಇಲ್ಲ. ಪಾಪ ಅಂತೀವಿ, ಪಕ್ಕಕ್ಕೆ ಸರೀತೀವಿ.

ಸ್ಕೂಲಿನ ಮುಂದಿನ ಏರಿನಲ್ಲಿ ಅವನ ಗಾಡಿ ನಿಂತುಬಿಡೋದು. ನಾವು ಹುಡುಗರು ಹಿಂದಿನಿಂದ ತಳ್ಳೋರು. ಅದರಲ್ಲಿ ನಮಗೆ ಪುಣ್ಯದ ಜತೆ ಆಟವೂ ಇತ್ತು. ಅವನಿಗೆ ಏನನ್ನಿಸ್ತಿತ್ತು ಅಂತ ಯಾರೂ ಕೇಳಲಿಲ್ಲ. ಆಮೇಲೆ ನಾನು ಎಂಜಿನಿಯರಿಂಗ್ ಸೇರಿದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಕಾರಿನ ಗೇರ್‌ಬಾಕ್ಸ್ ತಗೊಂಡೆ. ದಪ್ಪ ವರದಿ ಬರೆದೆ. ರಜೆಗೆ ಊರಿಗೆ ಬಂದಾಗ ಅವನು ಸಿಕ್ಕ.

"ಏನ್ ಓದ್ತಿದ್ದೀಯಲೇ?"

"ಗೇರ್‌ಬಾಕ್ಸ್."

"ಹೌದಾ! ಹಂಗಾದ್ರೆ ನನ್ನ ಗಾಡಿಗೆ ಒಂದು ಗೇರ್ ಯಾಕಿಲ್ಲ ಹೇಳು."

ನಾನು ಏನೋ ಹೇಳಿ ತೇಲಿಸಿದೆ. ಈಗಲೂ ಆ ಪ್ರಶ್ನೆ ಚುಚ್ಚುತ್ತೆ. ಐದು ವರ್ಷ ಅವನ ಗಾಡಿ ತಳ್ಳಿದ್ದೆ, ನಾಲ್ಕು ವರ್ಷ ಗೇರಿನ ಪಾಠ ಕೇಳಿದ್ದೆ. ಎರಡನ್ನೂ ಒಂದು ಸಲವೂ ಜೋಡಿಸಿ ನೋಡಿರಲಿಲ್ಲ.

ಅವತ್ತು ಹೇಳಬೇಕಿದ್ದ ಉತ್ತರ ಈಗ ಹೇಳ್ತೀನಿ. ಅವನು ಮತ್ತು ಗಾಡಿ ಸೇರಿ 100 ಕಿಲೋ ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ ನಾಲ್ಕು ಮೀಟರ್ ಏರೋ ಸಾಧಾರಣ ರಸ್ತೆ. ಗಂಟೆಗೆ 5 ಕಿಲೋಮೀಟರ್, ಅಂದ್ರೆ ನಡಿಗೆಯ ವೇಗದಲ್ಲಿ ಹತ್ತಬೇಕಾದ್ರೂ ಸುಮಾರು 70 ವಾಟ್ ಬೇಕು. ಕಾಲಿಗೆ ಇದು ದೊಡ್ಡದಲ್ಲ. ಕೈಗೆ ಬಲು ದೊಡ್ಡದು. ಒಂದೇ ಗೇರಿನ ಗಾಡಿಯಲ್ಲಿ ನಿಧಾನ ಮಾಡಿದ್ರೆ ಪೆಡಲ್ ಹಗುರ ಆಗಲ್ಲ, ತಿರುಗೋದೇ ನಿಂತುಹೋಗುತ್ತೆ. ಹಗುರ ಗೇರು ಒಂದಿದ್ದರೆ? ಅರ್ಧ ವೇಗದಲ್ಲಿ, ಅರ್ಧ ಬಲದಲ್ಲಿ, ಸುಮಾರು 35 ವಾಟಿನಲ್ಲಿ, ಯಾರೂ ತಳ್ಳದೆ ಅವನೇ ಹತ್ತಬಹುದಿತ್ತು. ಹೊತ್ತು ಜಾಸ್ತಿ ಆಗ್ತಿತ್ತು, ಆದ್ರೆ ಹತ್ತುತ್ತಿದ್ದ. ಗೇರು ಅಂದ್ರೆ ವೇಗ ಅಂತ ನಾವು ತಿಳಿದಿದ್ದೀವಿ. ಅವನ ಪಾಲಿಗೆ ಗೇರು ಅಂದ್ರೆ ಇನ್ನೊಬ್ಬರ ಕೈ ಕಾಯದೆ ಇರೋದು.

ಇದೇನು ಕನಸಿನ ಮಾತಲ್ಲ. ಕೈಯಿಂದ ತಿರುಗಿಸೋ ಸೈಕಲ್ ಪಂದ್ಯ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸಿನಿಂದ ಇದೆ. ಅದರಲ್ಲಿ ಹೆಚ್ಚಿನ ವಿಭಾಗದ ಸವಾರರು ಪೂರ್ತಿ ಒರಗಿಕೊಂಡೇ ಓಡಿಸ್ತಾರೆ. ಗೇರುಗಳೂ ಇರುತ್ತೆ. ಈ ಪ್ಯಾರಾ ಸೈಕ್ಲಿಂಗನ್ನ 2007ರಿಂದ ನಡೆಸ್ತಿರೋರು ಯಾರು ಗೊತ್ತಾ? ಅದೇ ಯುಸಿಐ! 1934ರಲ್ಲಿ ಒರಗಿದವರನ್ನ ಹೊರಗೆ ಹಾಕಿದ ಅದೇ ಒಕ್ಕೂಟ. ಅಂದ್ರೆ ಒರಗಿ ಓಡಿಸೋದು ಸೈಕಲ್ ಹೌದೋ ಅಲ್ಲವೋ ಅನ್ನೋದು ದೇವರು ಬರೆದ ನಿಯಮ ಅಲ್ಲ. ಮನುಷ್ಯರು ಬರೆದದ್ದು. ಬೇಕು ಅನ್ನಿಸಿದಾಗ ಬೇರೆ ಥರ ಬರೆದರು.

ನಮ್ಮ ದೇಶದಲ್ಲಿ ಕಾನ್ಪುರದ ಅಲಿಮ್ಕೊ, ಕೃತಕ ಅಂಗಾಂಗ ತಯಾರಿಸೋ ಸರ್ಕಾರಿ ಸಂಸ್ಥೆ, 1972ರಿಂದ ಇದೆ. ಅಂಗವಿಕಲರಿಗೆ ಮೂರು ಗಾಲಿಯ ಗಾಡಿ ಕೊಡೋ ಕೇಂದ್ರದ ಯೋಜನೆ ಇದೆ. ನಮ್ಮ ರಾಜ್ಯ ಸರ್ಕಾರ ಪಕ್ಕದ ಚಕ್ರ ಹಾಕಿದ ಸ್ಕೂಟರ್ ಕೊಡುತ್ತೆ. ನನ್ನ ಗೆಳೆಯನಿಗೂ ಬಹಳ ವರ್ಷ ಕಾದ ಮೇಲೆ ಅಂಥ ಸ್ಕೂಟರ್ ಸಿಕ್ಕಿದೆ. ಒಳ್ಳೇದಾಯ್ತು. ಆದ್ರೆ ಪೆಟ್ರೋಲ್ ನೂರು ರೂಪಾಯಿ ದಾಟಿದ ಮೇಲೆ ಹತ್ತಿರದ ಓಡಾಟಕ್ಕೆ ಹಳೇ ಕೈಸೈಕಲ್ಲನ್ನೇ ಹೊರಗೆ ತಂದಿದ್ದಾನೆ. ಅದಕ್ಕೆ ಇವತ್ತಿಗೂ ಒಂದೇ ಗೇರು.

2006-07ರಲ್ಲಿ ನಮ್ಮ ರಾಜ್ಯ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿತು. ಹೈಸ್ಕೂಲು ದೂರ ಅಂತ ಓದು ಬಿಡಬಹುದಾಗಿದ್ದ ಹೆಣ್ಣುಮಕ್ಕಳು ಗುಂಪು ಗುಂಪಾಗಿ ಸೈಕಲ್ ತುಳಿದುಕೊಂಡು ಹೋಗೋದನ್ನ ನಾನೇ ನಮ್ಮೂರ ರಸ್ತೆಯಲ್ಲಿ ನೋಡಿದ್ದೀನಿ. ಒಂದು ಸೈಕಲ್ ಒಂದು ಮಗುವಿನ ದಾರಿಯನ್ನೇ ಬದಲಿಸುತ್ತೆ ಅಂತ ಸರ್ಕಾರಕ್ಕೆ ಗೊತ್ತು, ನಮಗೂ ಗೊತ್ತು. ಹಾಗಿರೋವಾಗ ಎಲ್ಲ ಮೈಗೂ ಒಂದೇ ಆಕಾರದ ಸೈಕಲ್ ಒಗ್ಗಲ್ಲ ಅನ್ನೋದು ಮಾತ್ರ ಯಾಕೆ ಗೊತ್ತಾಗಲ್ಲ?

ಹಾಗಾದ್ರೆ ಯಾವುದು?

ಈಗ ಮಾಲೂರಿನ ಹಿರಿಯರಿಗೆ ನೇರ ಉತ್ತರ.

ಸರ್, ಮೊದಲು ನಿಮ್ಮ ಹಳೇ ಸೈಕಲ್ಲನ್ನೇ ಒಂದು ಸಲ ಸರಿಯಾಗಿ ಅಳತೆಗೆ ಕೂರಿಸಿ. ಸೀಟಿನ ಎತ್ತರ ನೋಡಿ. ಪೆಡಲ್ ತೀರಾ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ನಮ್ಮಲ್ಲಿ ಅನೇಕರು ಸೀಟು ತೀರಾ ತಗ್ಗಿಗೆ ಇಟ್ಟುಕೊಂಡು ತುಳೀತಾರೆ. ಹ್ಯಾಂಡಲ್ ಎತ್ತರ ಮಾಡಿಸಿ, ಬೆನ್ನು ಬಾಗೋದು ಕಡಿಮೆ ಆಗುತ್ತೆ. ಸ್ಪ್ರಿಂಗ್ ಇರೋ ಅಗಲ ಸೀಟು ಹಾಕಿಸಿ. ಎಲ್ಲ ಸೇರಿ ಸಾವಿರ ರೂಪಾಯಿಯ ಆಸುಪಾಸಿನ ಕೆಲಸ. ಅದಕ್ಕೂ ಮುಂಚೆ ಸೊಂಟವನ್ನ ಡಾಕ್ಟರಿಗೆ ತೋರಿಸಿ. ಟಿವಿಯವನ ಮಾತು ಡಾಕ್ಟರ್ ಮಾತಲ್ಲ.

ಅದೆಲ್ಲ ಮಾಡಿದ ಮೇಲೂ ಕೂರೋಕಾಗದೆ ಇದ್ರೆ, ನಿಮಗೆ ಬೇಕಾಗಿರೋದು ಮೂರು ಗಾಲಿಯ ಒರಗು ಸೈಕಲ್ಲೇ. ಎರಡು ಗಾಲಿಯದ್ದಲ್ಲ. ಊರೊಳಗಿನ ರಸ್ತೆ, ಕೆರೆ ಏರಿ, ಸರ್ವಿಸ್ ರಸ್ತೆಗೆ ಅದು ಸರಿ. ಹಿಂದೆ ಉದ್ದ ಕೋಲಿಗೆ ಬಣ್ಣದ ಬಾವುಟ, ಎರಡೂ ಕಡೆ ಕನ್ನಡಿ, ಹಿಂದೆ ಮುಂದೆ ಲೈಟು ಇಲ್ಲದೆ ಅದನ್ನ ರಸ್ತೆಗೆ ಇಳಿಸಲೇಬಾರದು. ಹೆದ್ದಾರಿಯಲ್ಲಿ, ಅದರಲ್ಲೂ ಸಂಜೆಗತ್ತಲಲ್ಲಿ ಶಿಫ್ಟ್ ಬಿಡೋ ಹೊತ್ತಿಗೆ, ಬೇಡವೇ ಬೇಡ. ನಿಮ್ಮ ಎಂಟು ಕಿಲೋಮೀಟರಿನಲ್ಲಿ ಹೆದ್ದಾರಿ ಎಷ್ಟಿದೆ ಅಂತ ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ. ಹೊರೆ ಹೊರೋರಿಗೆ, ಹಾಲು ಹಾಕೋರಿಗೆ ಮಾತ್ರ ನಮ್ಮಪ್ಪನ ಕಪ್ಪು ಸೈಕಲ್ಲಿಗೆ ಇವತ್ತಿಗೂ ಸಾಟಿಯಿಲ್ಲ.

ಇನ್ನು ನಮ್ಮನ್ನ ಆಳೋರಿಗೆ ಮೂರು ಮಾತು. ಹೆದ್ದಾರಿ 75ರ ಪಕ್ಕ ತುಂಡು ತುಂಡಾದ ಸರ್ವಿಸ್ ರಸ್ತೆಯನ್ನ ಜೋಡಿಸಿ. ಊರೊಳಗಿನ ಹಂಪ್ಸನ್ನ ನಿಯಮದ ಅಳತೆಗೆ ತನ್ನಿ. ಸರ್ಕಾರದಿಂದ ಕೊಡೋ ಪ್ರತಿಯೊಂದು ಕೈಸೈಕಲ್ಲಿಗೂ ಏರಿನಲ್ಲಿ ಹತ್ತೋ ಒಂದು ಹಗುರ ಗೇರು, ಇಳಿಜಾರಿನಲ್ಲಿ ನಿಲ್ಲೋ ಒಂದು ಗಟ್ಟಿ ಬ್ರೇಕು ಹಾಕಿಸಿ. ಇದಕ್ಕೆ ರಾಕೆಟ್ ವಿಜ್ಞಾನ ಬೇಡ. ಗೇರಿನ ಸೈಕಲ್ಲುಗಳು ನಮ್ಮ ದೇಶದಲ್ಲೇ ತಯಾರಾಗುತ್ತೆ, ಕೋಲಾರದ ಅಂಗಡಿಯಲ್ಲೇ ಸಿಗುತ್ತೆ.

ಕೂತು ತುಳಿಯೋದಾ, ಒರಗಿ ತುಳಿಯೋದಾ ಅನ್ನೋದು ಆರಾಮದ ಪ್ರಶ್ನೆ ಅಂದುಕೊಂಡು ಅವತ್ತು ಸ್ಟುಡಿಯೋದಲ್ಲಿ ನಾವು ನಕ್ಕೆವು. ಆ ಹಿರಿಯರು ಕೇಳಿದ್ದು ಆರಾಮ ಅಲ್ಲ. ನನ್ನ ಮೈ ಬಗ್ಗಲ್ಲ, ಆದ್ರೂ ಕೆಲಸಕ್ಕೆ ನನ್ನ ಪಾಡಿಗೆ ನಾನು ಹೋಗಬೇಕು, ದಾರಿ ಇದೆಯಾ ಅಂತ. ನನ್ನ ಗೆಳೆಯ ಹದಿನೈದು ವರ್ಷದ ಹಿಂದೆ ಕೇಳಿದ್ದೂ ಅದನ್ನೇ.

ಮೊನ್ನೆ ಅವನಿಗೆ ಫೋನ್ ಮಾಡಿ, ನಿನ್ನ ಗಾಡಿಗೆ ಗೇರು ಕೂರಿಸೋಣ, ಭಾನುವಾರ ಬರ್ತೀನಿ ಅಂದೆ. "ಕ್ಯಾಮೆರಾ ತರ್ತೀಯಾ?" ಅಂದ. ಇಲ್ಲ ಅಂದೆ. "ಹಂಗಾದ್ರೆ ಸ್ಪಾನರ್ ತಗೊಂಡು ಬಾ" ಅಂದ.